ನೆಲ್ಲಕ್ಕಿ ನಡುಬಾಡೆಯ (ದೀಪ ಹಚ್ಚುವ ನಡುಮನೆಯ) ಬಾಗಿಲಿಗೆ ಗೆದ್ದಲು, ಬಾವಿ ಪಕ್ಕದಲ್ಲೇ ಇದೆ. ಬೇಟ್ (ವಿಷದ ಆಮಿಷ) ಡಬ್ಬಿ ಹೂಳಿದರೆ ಸಾಕಾ?

ಗೋಣಿಕೊಪ್ಪದ ಸೊಸೆ:
ನಮಸ್ಕಾರ. ನಮ್ಮ ಒಕ್ಕದ (ಕುಲದ) ಐನ್‌ಮನೆ, ಅಂದರೆ ಹಿರಿಯರ ಮೂಲಮನೆ, ನೋಡಿಕೊಳ್ಳುವ ಜವಾಬ್ದಾರಿ ಈಗ ನಮ್ಮ ಮೇಲಿದೆ. ಮಣ್ಣಿನ ಗೋಡೆ, ಹೆಂಚಿನ ಮಾಡು. ಹೋದ ವಾರ ದೀಪ ಹಚ್ಚಲು ಹೋದಾಗ ನೆಲ್ಲಕ್ಕಿ ನಡುಬಾಡೆಯ ಬಾಗಿಲಿನ ದಾರಂದದ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಕಂಡಿತು. ಬೆರಳಿನಿಂದ ತಟ್ಟಿದರೆ ಕೆಳಗಿನ ಒಂದು ಗೇಣು ಟೊಳ್ಳು ಸದ್ದು. ಕೆತ್ತನೆಯ ಬಳ್ಳಿ ಹಾಗೇ ಇದೆ, ಅದರ ಹಿಂದೆ ಮರವೇ ಇಲ್ಲ. ನನಗೆ ಕಣ್ಣಲ್ಲಿ ನೀರು ಬಂತು.

ಹೋದ ವರ್ಷ ಹಿಂದಿನ ಕೋಣೆಯಲ್ಲಿ ಇದೇ ಆದಾಗ ಸೀಮೆಎಣ್ಣೆ ಹೊಡೆಸಿದ್ದೆವು. ಹದಿನೈದು ದಿನದಲ್ಲಿ ಒಂದು ಮೊಳ ಆಚೆ ಹೊಸ ಗೆರೆ ಎದ್ದಿತು. ಈಗ ಒಬ್ಬರು ಬಂದು ನೋಡಿ, ಗೋಡೆಯ ಬುಡದುದ್ದಕ್ಕೂ ಅಡಿಗೊಂದರಂತೆ 12 ಮಿ.ಮೀ. ತೂತು ಕೊರೆದು ಕ್ಲೋರ್‌ಪೈರಿಫಾಸ್ ಕೀಟನಾಶಕ ಸುರಿಯುತ್ತೇವೆ ಅಂದರು. ನೆಲ ಹಳೆಯ ರೆಡ್ ಆಕ್ಸೈಡ್, ಕೊರೆದರೆ ಮತ್ತೆ ಹಾಗೆ ಆಗುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಕುಡಿಯುವ ನೀರಿನ ಬಾವಿ ಗೋಡೆಯಿಂದ 20 ಅಡಿ ಕೂಡ ಇಲ್ಲ. ಇನ್ನೊಬ್ಬರು ಮನೆ ಸುತ್ತ 16 ಬೇಟ್ ಡಬ್ಬಿ ಹೂಳೋಣ ಅನ್ನುತ್ತಾರೆ. ಪುತ್ತರಿ ಹಬ್ಬಕ್ಕೆ ಒಕ್ಕದವರೆಲ್ಲ ಸೇರುತ್ತಾರೆ, ಅಷ್ಟರೊಳಗೆ ಏನಾದರೂ ಮಾಡಬೇಕು. ಬೇಟ್ ಹಾಕಿಸಿದವರು ದಯವಿಟ್ಟು ಹೇಳಿ.

ಸೋಮವಾರಪೇಟೆ ತೋಟದಿಂದ:
ಅಕ್ಕ, ನಾವು ಹಾಕಿಸಿದ್ದೇವೆ. ತಾಳ್ಮೆ ಬೇಕು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಜನವರಿಯಲ್ಲಿ ಗೋಡೆಯಿಂದ ಒಂದೂವರೆ ಅಡಿ ಬಿಟ್ಟು, 3 ಮೀಟರ್‌ಗೊಂದರಂತೆ 11 ಡಬ್ಬಿ ಹೂತರು. ಮಾರ್ಚ್ ಕಳೆಯುವವರೆಗೆ ಒಂದಕ್ಕೂ ಹುಳು ಬರಲಿಲ್ಲ. ಹೂಮಳೆ ಬಿದ್ದು ನೆಲ ತೇವವಾದ ಮೇಲೆ ಮೂರು ಡಬ್ಬಿಗೆ ಹತ್ತಿತು.

ಆ ಆಮಿಷದಲ್ಲಿರುವುದು ಹೆಕ್ಸಾಫ್ಲೂಮುರಾನ್, ಕ್ಲೋರ್‌ಫ್ಲುವಾಜುರಾನ್ ತರಹದ ಔಷಧಿ. ತಿಂದ ಹುಳು ತಕ್ಷಣ ಸಾಯುವುದಿಲ್ಲ, ಪೊರೆ ಕಳಚುವಾಗ ಹೊಸ ಚರ್ಮ ಕಟ್ಟಲಾಗದೆ ಸಾಯುತ್ತದೆ. ಅಷ್ಟರಲ್ಲಿ ಅದು ಗೂಡಿಗೆ ಹೋಗಿ ಬಾಯಿಂದ ಬಾಯಿಗೆ ಉಳಿದವಕ್ಕೂ ಉಣಿಸಿರುತ್ತದೆ. ನಿಧಾನವಾಗಿ ಕೊಲ್ಲುವುದರಿಂದಲೇ ಇದು ಗೂಡಿನವರೆಗೆ ಮುಟ್ಟುತ್ತದೆ. ಸೀಮೆಎಣ್ಣೆಗೆ ಗೆರೆಯಲ್ಲಿದ್ದವಷ್ಟೇ ಸತ್ತವು, ಗೂಡಿಗೆ ಏನೂ ಆಗಲಿಲ್ಲ.

ಜೂನ್‌ನಲ್ಲಿ ಡಬ್ಬಿಯ ಮುಚ್ಚಳ ತೆಗೆದಾಗ ಕೆಲಸಗಾರ ಹುಳು ಬೆರಳೆಣಿಕೆಯಷ್ಟು, ಇದ್ದವೂ ಸುಣ್ಣ ಬಳಿದ ಹಾಗೆ ಬೆಳ್ಳಗೆ. ಸೈನಿಕ ಹುಳುಗಳೇ ಜಾಸ್ತಿ. ಗೂಡು ಸಾಯುವ ಲಕ್ಷಣ ಅದು ಎಂದರು. ಆಗಸ್ಟ್ ಹೊತ್ತಿಗೆ ಖಾಲಿ.

ನಮ್ಮ ತಪ್ಪೂ ಹೇಳುತ್ತೇನೆ. ಸೂರಿನ ನೀರು ಬೀಳುವ ಗೆರೆಯಲ್ಲೇ ನಾಲ್ಕು ಡಬ್ಬಿ ಹೂಳಿಸಿದ್ದೆವು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಅವು ತುಂಬಿ ಆಮಿಷಕ್ಕೆ ಬೂಸು ಹಿಡಿಯಿತು. ನಿಮ್ಮಲ್ಲಿ ಆ ಗೆರೆಯಿಂದ ಆಚೆಗೆ ಇಡಿಸಿ.

ಕುಶಾಲನಗರ:
ಬೇವಿನೆಣ್ಣೆ ಹಚ್ಚಿ ನೋಡಿದ್ದೀರಾ? ನಮ್ಮ ಕಿಟಕಿಗೆ ಆರು ತಿಂಗಳು ತಡೆಯಿತು.

ಪೊನ್ನಂಪೇಟೆ, ಮರದ ಕೆಲಸದವ:
ತಂಗಿ, ಬೇವಿನೆಣ್ಣೆಯಾಗಲಿ ಬೇರೆ ಯಾವುದಾಗಲಿ ಈಗ ಆ ಗೆರೆಯ ಹತ್ತಿರ ಹಚ್ಚಬೇಡ, ಗೆರೆ ಒಡೆದು ಹಾಕಬೇಡ. ಹುಳು ದಾರಿ ಬದಲಿಸಿದರೆ ಆಮಿಷ ಯಾರಿಗೆ ಕೊಡುತ್ತೀಯ?

ದುಡ್ಡು ಕೊಡುವ ಮೊದಲು ಯಾವ ಗೆದ್ದಲು ಎಂದು ನೋಡು. ನಮ್ಮ ಕಡೆ ಹುತ್ತ ಕಟ್ಟುವ ಒಡಾಂಟೋಟರ್ಮಿಸ್ ಜಾತಿ ಬಹಳ. ಅದು ತಿಂದ ಮರವನ್ನು ಗೂಡಿನೊಳಗೆ ಬೂಸಿನ ತೋಟಕ್ಕೆ ಹಾಕುತ್ತದೆ. ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ ಕುಮ್ಮು (ಅಣಬೆ) ಆ ತೋಟದ್ದೇ. ಈ ಜಾತಿ ಆಮಿಷಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಅದು ಸಾಮಾನ್ಯವಾಗಿ ಮರದ ಮೇಲೆಲ್ಲ ಮಣ್ಣು ಮೆತ್ತಿ ಹೊರಗಿನಿಂದ ಕೆರೆಯುತ್ತಾ ಬರುತ್ತದೆ. ನೀನು ಹೇಳಿದ ಹಾಗೆ ಮೇಲ್ಮೈ ಬಿಟ್ಟು ಒಳಗೆ ಟೊಳ್ಳು ಮಾಡುವುದು ಕಾಪ್ಟೋಟರ್ಮಿಸ್ ಇರಬಹುದು, ಅದು ಆಮಿಷ ಚೆನ್ನಾಗಿ ತಿನ್ನುತ್ತದೆ. ಗೆರೆಯಲ್ಲಿ ಸಾಸಿವೆಯಷ್ಟು ಕಿಂಡಿ ಮಾಡಿ, ಹಳದಿ ತಲೆಯ ಸೈನಿಕ ಹುಳುವನ್ನು ಗುಂಡುಸೂಜಿಯಿಂದ ಮುಟ್ಟು. ತಲೆಯ ಮುಂದೆ ಹಾಲಿನಂಥ ಬಿಳಿ ಹನಿ ಬಂದರೆ ಅದೇ.

ಹಾಗಿದ್ದರೆ ಹೊರಗಿನ ಡಬ್ಬಿಗಳ ಜೊತೆ ಗೆರೆಯ ಮೇಲೆಯೇ ಕೂರಿಸುವ ಡಬ್ಬಿ ಕೇಳು. ಹುಳು ಇರುವ ಜಾಗಕ್ಕೇ ಊಟ ಸಿಗುತ್ತದೆ, ತಿಂಗಳುಗಟ್ಟಲೆ ಕಾಯಬೇಕಿಲ್ಲ. ತೋಟಕ್ಕೆ ಔಷಧಿ ಹೊಡೆದ ಕೈಯಲ್ಲಿ ಮುಟ್ಟಬೇಡಿ, ವಾಸನೆ ಹಿಡಿದರೆ ಹುಳು ಹತ್ತುವುದಿಲ್ಲ. ದಿನಾ ಮುಚ್ಚಳ ತೆಗೆದು ನೋಡುವುದೂ ಬೇಡ, ತಿಂಗಳಿಗೊಮ್ಮೆ ಸಾಕು.

ಮತ್ತೆ, ಮಳೆಗಾಲದ ಸೌದೆ ಎಲ್ಲಿ ಒಟ್ಟಿದ್ದೀರಿ? ಸಿಲ್ವರ್ ಓಕ್ ಸೌದೆಯನ್ನು ಗೋಡೆಗೆ ಒರಗಿಸಿ ಇಡುವುದೆಂದರೆ ಗೆದ್ದಲಿಗೆ ಮೆಟ್ಟಿಲು ಕಟ್ಟಿದ ಹಾಗೆ.

ಗೋಣಿಕೊಪ್ಪದ ಸೊಸೆ:
ಅಣ್ಣ, ಬೆಳಿಗ್ಗೆ ಟಾರ್ಚ್ ಹಿಡಿದು ನೋಡಿದೆ. ಮೂರನೇ ಹುಳುವಿಗೆ ಸೂಜಿ ತಾಗಿದ ಕೂಡಲೇ ಹನಿ ಬಂತು, ಅಪ್ಪಟ ಹಾಲಿನ ಬಣ್ಣ. ನಮ್ಮ ಅತ್ತೆಗೂ ತೋರಿಸಿದೆ. ಕಿಂಡಿಯನ್ನು ಅರ್ಧ ಗಂಟೆಯಲ್ಲಿ ಹುಳುಗಳೇ ಒದ್ದೆ ಮಣ್ಣಿಂದ ಮುಚ್ಚಿದವು.

ಸೌದೆ ನೀವು ಹೇಳಿದಲ್ಲೇ ಇತ್ತು, ಹಿಂದಿನ ಗೋಡೆಗೆ, ಎದೆಮಟ್ಟ. ಅಡಿಯ ಸಾಲು ತೆಗೆದರೆ ಗೋಡೆಯೊಳಕ್ಕೆ ಎರಡು ಗೆರೆ. ಅದನ್ನೆಲ್ಲ ಕಣದ ಆಚೆ ಕಲ್ಲಿನ ಮೇಲೆ ಒಟ್ಟಿಸಿದ್ದೇವೆ.

ತೂತು ಕೊರೆಯುವವರಿಗೆ ಬೇಡ ಎಂದು ಹೇಳಿಯಾಯಿತು. ದಾರಂದದ ಗೆರೆಯ ಮೇಲೆ ಎರಡು ಡಬ್ಬಿ, ಹೊರಗೆ ಸೂರಿನ ನೀರು ಬೀಳುವ ಗೆರೆ ದಾಟಿ ಹದಿನಾರು. ಭಾನುವಾರ ಬರುತ್ತಾರೆ. ಕೆತ್ತನೆ ಇರುವ ಹಲಗೆಯನ್ನು ಹಾಗೇ ಉಳಿಸಿಕೊಂಡು ಹಿಂದಿನಿಂದ ಹೊಸ ಮರ ಕೂಡಿಸಲು ಆಗುತ್ತದಾ ಅಣ್ಣ? ಹುಳು ಪೂರ್ತಿ ಹೋದ ಮೇಲೆಯೇ ಕೇಳುತ್ತಿದ್ದೇನೆ.

ಪೊನ್ನಂಪೇಟೆ, ಮರದ ಕೆಲಸದವ:
ಆಗುತ್ತದೆ. ತೇಗದ ಕೆಚ್ಚು ಮಾತ್ರ ತೆಗೆದುಕೊಳ್ಳಿ, ಹೊರಗಿನ ಬಿಳಿ ಭಾಗ ಒಂದು ಬೆರಳಷ್ಟೂ ಬೇಡ, ಅದನ್ನು ಗೆದ್ದಲು ತಿನ್ನುತ್ತದೆ. ಡಬ್ಬಿಯಲ್ಲಿ ಹುಳು ಖಾಲಿಯಾದ ಮೇಲೆ ಇನ್ನೂ ಎರಡು ತಿಂಗಳು ಕಾದು ಹೇಳು, ನಾನೇ ಬಂದು ಅಳತೆ ತೆಗೆಯುತ್ತೇನೆ.