ಮಳೆಗಾಲದ ತರಗತಿ ಕೊಠಡಿ: ತೇವ ತೆಗೆಯಬೇಕೇ, ಗಾಳಿ ಬದಲಿಸಬೇಕೇ?

ಕಿನ್ನಿಮೂಲ್ಕಿ, ಉಡುಪಿ
20×25 ಅಡಿ, 10 ಅಡಿ ಎತ್ತರದ ಆರ್‌ಸಿಸಿ ಟ್ಯೂಷನ್ ಕೊಠಡಿ, 30 ಮಕ್ಕಳು. ಪಡುಗಡೆಯ ಕಿಟಕಿಯಿಂದ ಎರಚಲು ಬರುವುದರಿಂದ ಎಲ್ಲ ಮುಚ್ಚಿ ಸ್ಪ್ಲಿಟ್ ಎಸಿ ಹಾಕುತ್ತಾರೆ. ಫ್ಲೂ ವೈರಸ್‌ಗೆ ಚಳಿ, ಒಣಹವೆ ಹಿತ ಅನ್ನುತ್ತಾರಲ್ಲ, ಮತ್ತೆ ನಮ್ಮಲ್ಲಿ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಯಾಕೆ ಇಷ್ಟು ಜ್ವರ? ಗಾಳಿಯ ತೇವ ತೆಗೆಯುವ ಡಿಹ್ಯೂಮಿಡಿಫೈಯರ್ ಇಟ್ಟರೆ ಆದೀತೇ?

ಸೂಕ್ಷ್ಮಹನಿ
ಚಳಿ–ಒಣಹವೆಯ ಮಾತಿಗೆ ಬಲ ಬಂದದ್ದು 2007ರ ಗಿನಿಪಿಗ್ ಪ್ರಯೋಗದಿಂದ. 5 ಡಿಗ್ರಿಯಲ್ಲಿ ಹರಡುವಿಕೆ ಜಾಸ್ತಿ, 20 ಡಿಗ್ರಿಯಲ್ಲಿ ಆರ್ದ್ರತೆ 80%ಕ್ಕೆ ಏರಿದಾಗ ಹರಡಲೇ ಇಲ್ಲ. ಅದು ಸರಿಯೇ, ಆದರೆ ಕರಾವಳಿಯ ಮಳೆಗಾಲವನ್ನು ಅದೊಂದರಿಂದ ವಿವರಿಸಲಾಗದು. ಮಧ್ಯಮ ಆರ್ದ್ರತೆಯಲ್ಲಿ ಕೆಮ್ಮಿದಾಗ ಹಾರುವ ಹನಿ ಅರ್ಧ ಆರಿ, ಒಳಗಿನ ಉಪ್ಪಿನ ಸಾಂದ್ರತೆ ಏರಿ ವೈರಸ್ ಬೇಗ ಸಾಯುತ್ತದೆ. ಗಾಳಿ ನೀರಿನಿಂದ ತುಂಬಿದಂತಿದ್ದರೆ ಹನಿ ಆರುವುದೇ ಇಲ್ಲ, ವೈರಸ್ ಮತ್ತೆ ಉಳಿಯುತ್ತದೆ. 100 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಹನಿ ಕೆಲವೇ ಸೆಕೆಂಡಿನಲ್ಲಿ ನೆಲಕ್ಕೆ ಬಿದ್ದರೆ, 5 ಮೈಕ್ರಾನಿನದು ಬಾಯಿಯ ಎತ್ತರದಿಂದ ಇಳಿಯಲು ಅರ್ಧ ಗಂಟೆ. ಅಷ್ಟರಲ್ಲಿ ಅದನ್ನು ಹೊರಗೆ ಹಾಕದಿದ್ದರೆ ಉಳಿದವರು ಉಸಿರಾಡುತ್ತಾರೆ. ಶಾಲೆ ಶುರುವಾಗುವುದೂ ಕಿಟಕಿ ಮುಚ್ಚುವುದೂ ಒಂದೇ ತಿಂಗಳಲ್ಲಿ. ಡಿಹ್ಯೂಮಿಡಿಫೈಯರ್ ಬೂಸಲಿಗೆ ಒಳ್ಳೆಯದು, ಇದಕ್ಕಲ್ಲ.

ಗಾಳಿಲೆಕ್ಕ
ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದೇ ಇಲ್ಲ, ಒಳಗಿನದನ್ನೇ ತಣಿಸಿ ತಿರುಗಿಸುತ್ತದೆ. ಸೀಲಿಂಗ್ ಫ್ಯಾನ್ ಕೂಡ ಕಲಕುವುದಷ್ಟೆ. ನಿಮ್ಮ ಕೊಠಡಿ 5,000 ಘನ ಅಡಿ, ಅಂದರೆ ಸುಮಾರು 142 ಘನ ಮೀಟರ್. ಗಂಟೆಗೆ 6 ಸಲ ಬದಲಾಗಲು 850 ಘನ ಮೀಟರ್ ಬೇಕು. ಆಗ ಒಮ್ಮೆ ಕೆಮ್ಮಿದ ಕಣಗಳಲ್ಲಿ 99% ಹೋಗಲು 46 ನಿಮಿಷ, 12 ಸಲವಾದರೆ 23. ಪಡುಗಡೆ ಮುಚ್ಚಿಯೇ ಇರಲಿ. ಮೂಡುಗಡೆ ಚಜ್ಜಾ ಇರುವ ಕಿಟಕಿ ತೆರೆದು, ಎದುರು ಗೋಡೆಯ ಮೇಲ್ಭಾಗಕ್ಕೆ ಎಕ್ಸಾಸ್ಟ್ ಕೂರಿಸಿ. ತೆರೆದ ಕಿಟಕಿಯ ಪಕ್ಕದಲ್ಲೇ ಫ್ಯಾನ್ ಇಟ್ಟರೆ ಹೊಸ ಗಾಳಿ ಹಾಗೇ ಹೊರಗೆ ಹೋಗುತ್ತದೆ, ಮೂಲೆಯ ಬೆಂಚಿಗೆ ಮುಟ್ಟುವುದಿಲ್ಲ. ಸೊಳ್ಳೆಪರದೆಯ ಧೂಳು ತೊಳೆಯದಿದ್ದರೆ ಪೆಟ್ಟಿಗೆಯ ಮೇಲೆ ಬರೆದಷ್ಟು ಗಾಳಿ ಸಿಗದು.

ಮೀಟರ್‌ವಾಲ
6 ಸಲ ಸಾಲದು. ಉಸಿರಿನ ಗಾಳಿ ಕೊಠಡಿಯಲ್ಲಿ ಎಷ್ಟು ಉಳಿದಿದೆ ಎಂದು ಇಂಗಾಲದ ಡೈಆಕ್ಸೈಡ್ ಅಳೆದು ತಿಳಿಯಬಹುದು. ಕೂತ ಮಗು ಗಂಟೆಗೆ ಸುಮಾರು 15 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, 30 ಮಕ್ಕಳಿಗೆ 450. ಹೊರಗೆ 420 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ಇರುವಾಗ ಒಳಗೆ 800 ದಾಟಬಾರದೆಂದರೆ ಗಂಟೆಗೆ 1,200 ಘನ ಮೀಟರ್ ಹೊರಗಾಳಿ ಬೇಕು, ಅಂದರೆ 8 ಸಲಕ್ಕಿಂತ ಹೆಚ್ಚು. ಇಂಗಾಲದ ಡೈಆಕ್ಸೈಡನ್ನು ಅವಕೆಂಪು ಬೆಳಕಿನಿಂದ ನೇರವಾಗಿ ಅಳೆಯುವ ಎನ್‌ಡಿಐಆರ್ ಸೆನ್ಸರ್ ಇರುವ ಮೀಟರನ್ನೇ ಕೊಳ್ಳಿ. ಅಗ್ಗದವು ಬೇರೆ ಅನಿಲ ಅಳೆದು ಅಂದಾಜು ಅಂಕೆ ತೋರಿಸುತ್ತವೆ, ಸ್ಯಾನಿಟೈಸರ್ ಬಾಟಲಿ ತೆರೆದರೂ ಏರುತ್ತವೆ. ಮೂಗಿನ ಎತ್ತರದಲ್ಲಿ, ಯಾರ ಮುಖಕ್ಕೂ ಕಿಟಕಿಗೂ ಹತ್ತಿರವಿಲ್ಲದಂತೆ ಇಡಿ. ಹೆಪಾ ಪ್ಯೂರಿಫೈಯರ್ ಸಣ್ಣ ಕಣಗಳನ್ನು ಸೋಸುತ್ತದೆ, ಅನಿಲವನ್ನಲ್ಲ; ಹಾಗಾಗಿ ಅದನ್ನು ಹಾಕಿದರೆ ಕಣ ಇಳಿದರೂ ಮೀಟರ್ ಅಂಕೆ ಇಳಿಯದು. ಅದನ್ನು ನೋಡಿ ಯಂತ್ರ ಕೆಟ್ಟಿದೆ ಎಂದು ಆರಿಸಬೇಡಿ.