ಸಹಾಯ ಬೇಕು: ಮೆತ್ತನೆ ಹಾಸಿಗೆ ಮೇಲೆ ಸಿಪಿಆರ್ ಹೇಗೆ?

ನಮಸ್ಕಾರ. ನಾನು ಕೊಪ್ಪಳ ಕಡೆಯ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ ಉಳಿಸಲು ನೋಡುವುದು) ಬಾಯಿಪಾಠ ಇದೆ: ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರ್ ಆಳ. ಆದರೆ ಹೋದ ವಾರ ನೈಟ್ ಡ್ಯೂಟಿಯಲ್ಲಿ ನಿಜವಾಗಿ ಮಾಡಬೇಕಾದಾಗ ಕೈ ನಡುಗಿತು. ಟ್ರೇನಿಂಗ್‌ನಲ್ಲಿ ಬೊಂಬೆ ನೆಲದ ಮೇಲಿತ್ತು, ಸರಿಯಾಗಿ ಒತ್ತಿದರೆ ಟಕ್ ಅಂತ ಸದ್ದು ಬರುತ್ತಿತ್ತು. ವಾರ್ಡಿನಲ್ಲಿ ಸ್ಪಂಜಿನ ಹಾಸಿಗೆ. ಇಳಿದದ್ದು ಎದೆಯೋ ಹಾಸಿಗೆಯೋ ಗೊತ್ತೇ ಆಗಲಿಲ್ಲ. ಮಂಚ ಬೇರೆ ಎತ್ತರ, ನಾನು ಕುಳ್ಳಿ!

ಸೀನಿಯರ್ ಸಿಸ್ಟರ್ ಹತ್ತಿರ ಕೇಳಿದೆ, "ಮಾಡ್ತಾ ಮಾಡ್ತಾ ಬರುತ್ತೆ ಬಿಡು" ಅಂದರು. ವಿಡಿಯೋ ನೋಡಿದೆ, ಎಲ್ಲದರಲ್ಲೂ ನೆಲವೇ. ಬೆನ್ನಿನ ಕೆಳಗೆ ಹಲಗೆ ಇಡಿ ಅಂತಾರೆ. ಒಬ್ಬಳೇ ಇರುವಾಗ ಒತ್ತುವುದು ನಿಲ್ಲಿಸಿ ಹಲಗೆ ಇಡಬೇಕಾ, ಇಲ್ಲ ಯಾರಾದರೂ ಬರುವವರೆಗೂ ಇನ್ನೂ ಜೋರಾಗಿ ಒತ್ತುತ್ತಾ ಇರಬೇಕಾ? ಐಸಿಯು ಅನುಭವ ಇರುವವರು ದಯವಿಟ್ಟು ಹೇಳಿ.