ಟ್ರೇಲ್ ಕ್ಯಾಮೆರಾಗೆ ರಕೂನ್ ಬೀಳುತ್ತಿದೆ, ಟೆಗು ಮಾತ್ರ ಬೀಳುತ್ತಿಲ್ಲ. ಏನು ಮಾಡಲಿ?

ಮರಳುಹಾದಿ:
ಜಾಗ ದಕ್ಷಿಣ ಫ್ಲೋರಿಡಾ, ಹೋಮ್‌ಸ್ಟೆಡ್ ಹತ್ತಿರ. ಹಿತ್ತಲಾಚೆ ಕಾಲುವೆ ದಂಡೆಯಲ್ಲಿ ಟೆಗು ಅನ್ನುವ ದೊಡ್ಡ ಹಲ್ಲಿ ಓಡಾಡುತ್ತಿದೆ. ಪಕ್ಕದವರು ಹಗಲಲ್ಲೇ ನೋಡಿದ್ದಾರೆ: ಕಪ್ಪು-ಬಿಳಿ ಪಟ್ಟೆ, ಉಬ್ಬಿದ ದವಡೆ, ಸುಮಾರು ಮೂರಡಿ ಉದ್ದ. ಬಿಸಿಲಿರುವ ಬಯಲು ಮರಳಲ್ಲಿ ಕೋಳಿಮೊಟ್ಟೆ ಇಟ್ಟು, ಎದುರಿಗೆ ಟ್ರೇಲ್ ಕ್ಯಾಮೆರಾ (ಪ್ರಾಣಿ ಹಾದರೆ ತಾನೇ ಫೋಟೊ ತೆಗೆಯುವಂಥದ್ದು) ಕಟ್ಟಿದ್ದೇನೆ. ಬೆಳಗ್ಗೆ ಇಟ್ಟ ಮೊಟ್ಟೆ ಮಧ್ಯಾಹ್ನಕ್ಕೆ ಇರುವುದಿಲ್ಲ. ಕಾರ್ಡ್ ತೆಗೆದು ನೋಡಿದರೆ ಬರೀ ರಾತ್ರಿಯ ರಕೂನ್, ಒಪೋಸಮ್. ಹಗಲಿನ ಫೋಟೊ ಒಂದೂ ಇಲ್ಲ. ಬ್ಯಾಟರಿ ಹೊಸದು, ಸೆನ್ಸಿಟಿವಿಟಿ 'ಹೈ'. ನಾನು ಅಡ್ಡ ಹೋದರೆ ಕ್ಲಿಕ್ ಆಗುತ್ತದೆ. ಕ್ಯಾಮೆರಾ ಕೆಟ್ಟಿದೆಯಾ?

ಬಿಲದಬಾಯಿ:
ಕೆಟ್ಟಿಲ್ಲ. ಇದರಲ್ಲಿ ಚಲನೆ ಹಿಡಿಯುವ ಪಿಐಆರ್ ಸೆನ್ಸರ್ ಆಕಾರ ನೋಡುವುದಿಲ್ಲ, ಶಾಖದ ವ್ಯತ್ಯಾಸ ನೋಡುತ್ತದೆ. ರಕೂನ್ ಬಿಸಿರಕ್ತದ ಪ್ರಾಣಿ. ತಂಪು ರಾತ್ರಿಯಲ್ಲಿ ಅದು ಹಾದುಹೋದರೆ ಸೆನ್ಸರ್‌ಗೆ ಥಟ್ಟನೆ ಗೊತ್ತಾಗುತ್ತದೆ. ಟೆಗು ಬಿಸಿಲು ಕಾಯಿಸಿಕೊಂಡು ಬರುತ್ತದೆ, ಮರಳೂ ಅಷ್ಟೇ ಕಾದಿರುತ್ತದೆ. ಎರಡೂ ಒಂದೇ ಬಿಸಿಯಾದರೆ ಸೆನ್ಸರ್ ಪಾಲಿಗೆ ಅಲ್ಲಿ ಏನೂ ಇಲ್ಲ. ಸೆನ್ಸಿಟಿವಿಟಿ ಎಷ್ಟು ಏರಿಸಿದರೂ ಇಲ್ಲದ ವ್ಯತ್ಯಾಸ ಹುಟ್ಟುವುದಿಲ್ಲ.

ಮೊದಲು ಮೊಟ್ಟೆಯನ್ನು ದಟ್ಟ ನೆರಳಿಗೆ ಸರಿಸಿ. ನೆರಳಿನ ನೆಲ ತಂಪು, ಬಿಸಿಲಿಂದ ಬಂದ ಟೆಗು ಬಿಸಿ. ಕ್ಯಾಮೆರಾವನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿ, ಸ್ವಲ್ಪ ಕೆಳಗೆ ಬಾಗಿಸಿ. ಪ್ರಾಣಿ ಕ್ಯಾಮೆರಾ ಕಡೆಗೆ ನೇರವಾಗಿ ಬರುವುದಕ್ಕಿಂತ ಅಡ್ಡಡ್ಡ ಹೋದರೆ ಸೆನ್ಸರ್‌ಗೆ ಸುಲಭ.

ಆಮೇಲೆ ಮೆನುವಿನಲ್ಲಿ ಟೈಮ್‌ಲ್ಯಾಪ್ಸ್ ಹುಡುಕಿ. ಹಗಲಲ್ಲಿ ನಿಮಿಷಕ್ಕೊಂದು ಫೋಟೊ ಇಡಿ. ಸೆನ್ಸರ್ ಎಚ್ಚರವಾಗಲಿ ಬಿಡಲಿ, ಕ್ಲಿಕ್ ಆಗುತ್ತಲೇ ಇರುತ್ತದೆ. ಸಾವಿರಾರು ಖಾಲಿ ಫೋಟೊ ನೋಡುವ ತಲೆನೋವು ಇದ್ದೇ ಇದೆ. ನನ್ನ ಪ್ರಕಾರ ಅದೇ ಖಚಿತ ದಾರಿ.

ಲೆನ್ಸ್‌ಗಣ್ಣು:
ಒಂದು ತಕರಾರು. ಟೆಗು ತಾನೇ ಮೈ ಬಿಸಿ ಮಾಡಿಕೊಳ್ಳುತ್ತದೆ ಅಂತ 2016ರಲ್ಲಿ ಅಧ್ಯಯನ ಬಂದಿತ್ತು, ಅಲ್ವಾ? ಹಾಗಿದ್ದರೆ ಸೆನ್ಸರ್‌ಗೆ ಸಿಗಬೇಕಲ್ಲ?

ಬಿಲದಬಾಯಿ:
ಬಂದಿತ್ತು. ಹೊರಗಿನ ಗಾಳಿಗಿಂತ 10 ಡಿಗ್ರಿ ಸೆಲ್ಸಿಯಸ್‌ವರೆಗೆ ಜಾಸ್ತಿ ಶಾಖ ಇಟ್ಟುಕೊಳ್ಳುತ್ತದೆ. ಆದರೆ ಅದು ಸಂತಾನದ ಕಾಲದಲ್ಲಿ, ರಾತ್ರಿ ಬಿಲದೊಳಗೆ ಮಲಗಿರುವಾಗಿನ ಮಾತು. ಮರಳುಹಾದಿಯವರ ಕ್ಯಾಮೆರಾ ಇರುವುದು ಹಗಲಿನ ಬಯಲಲ್ಲಿ. ಹಾಗಂತ ಟ್ರೇಲ್ ಕ್ಯಾಮೆರಾ ದಂಡ ಅಂದುಕೊಳ್ಳಬೇಡಿ. 2013ರಲ್ಲಿ ಇದೇ ದಕ್ಷಿಣ ಫ್ಲೋರಿಡಾದಲ್ಲಿ ಅಲಿಗೇಟರ್ ಗೂಡಿಗೆ ಕ್ಯಾಮೆರಾ ಇಟ್ಟಿದ್ದಾಗ ಟೆಗು ಮೊಟ್ಟೆ ಕದಿಯುವುದು ಸ್ಪಷ್ಟವಾಗಿ ಸಿಕ್ಕಿತ್ತು. ದಕ್ಷಿಣ ಅಮೆರಿಕದ ಈ ಹಲ್ಲಿ ಸಾಕುವವರ ಕೈತಪ್ಪಿ ಬಂದು ಇಲ್ಲೇ ನೆಲೆಯೂರಿದೆ. ಒಂದು ಹೆಣ್ಣು ವರ್ಷಕ್ಕೆ ಸುಮಾರು 35 ಮೊಟ್ಟೆ ಇಡುತ್ತದೆ. ಹಾಗಾಗಿ ಬೇಗ ಖಚಿತ ಮಾಡಿಕೊಳ್ಳಿ. ಚಳಿ ಬಂದರೆ ಬಿಲ ಸೇರುತ್ತದೆ, ಆಮೇಲೆ ಕ್ಯಾಮೆರಾ ಕಟ್ಟಿ ಸುಮ್ನೆ ಕೂರಬೇಕು ಅಷ್ಟೇ.

ಮರಳುಹಾದಿ:
ಮೊಟ್ಟೆ ಪೊದೆಯ ನೆರಳಿಗೆ ಹೋಯಿತು, ಟೈಮ್‌ಲ್ಯಾಪ್ಸ್ ಹಾಕಿದೆ. ಸಿಕ್ಕಿತು! ಹತ್ತೂವರೆಗೆ ಮೊಟ್ಟೆ ಬಾಯಲ್ಲಿ ಕಚ್ಚಿಕೊಂಡ ಟೆಗು. ಸೆನ್ಸರ್ ಕೂಡ ಒಮ್ಮೆ ಹಿಡಿದಿದೆ, ಆದರೆ ತಡವಾಗಿ. ಬರೀ ಬಾಲ. ಮುಂದೇನು? ಬೋನಿಟ್ಟು ಹಿಡಿದು ದೂರದ ಕಾಡಿಗೆ ಬಿಟ್ಟು ಬರಲಾ?

ಬಿಲದಬಾಯಿ:
ಬೇಡವೇ ಬೇಡ. ಹಿಡಿದ ಟೆಗುವನ್ನು ಇನ್ನೊಂದು ಕಡೆ ಬಿಡುವುದು ಕಾನೂನುಬಾಹಿರ. 2021ರಿಂದ ಇದು ಫ್ಲೋರಿಡಾದ ನಿಷೇಧಿತ ಪಟ್ಟಿಯಲ್ಲಿದೆ, ಹಾಗಾಗಿ ಸಾಕಿಕೊಳ್ಳುವ ಯೋಚನೆಯೂ ಬೇಡ. ಫೋಟೊ, ದಿನಾಂಕ, ನಿಖರ ಜಾಗ ಸೇರಿಸಿ ರಾಜ್ಯದ ವನ್ಯಜೀವಿ ಆಯೋಗಕ್ಕೆ 'ಐವ್ ಗಾಟ್ ಒನ್' ಆ್ಯಪ್‌ನಲ್ಲಿ ವರದಿ ಮಾಡಿ. ಬೋನಿನ ವಿಚಾರ ಅವರನ್ನೇ ಕೇಳಿ. ಬರೀ ಬಾಲ ಇರುವ ಫೋಟೊವನ್ನೂ ಅಳಿಸಬೇಡಿ, ಅದರಲ್ಲೂ ಸಮಯ ಇರುತ್ತದೆ.